ಮೆಥಡಾಲಜಿ ಅಧ್ಯಾಯ ಯಾವಾಗ ಬರೀತೀರಿ?

ಲೈಬ್ರರಿಯ ಕಪಾಟಿನಿಂದ ಹಳೆಯ ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟುಗಳನ್ನು ತೆಗೆದು ನೋಡಿ. ಯಾವ ಬ್ರ್ಯಾಂಚಿನದಾದರೂ ಸರಿ, ಮೂರನೇ ಅಧ್ಯಾಯದ ಹತ್ತಿರ ಒಂದು ಫ್ಲೋಚಾರ್ಟ್ ಇದ್ದೇ ಇರುತ್ತೆ. ಮೇಲಿಂದ ಕೆಳಕ್ಕೆ ಆರೇಳು ಡಬ್ಬಿ, ನಡುವೆ ಬಾಣಗಳು. ಸಮಸ್ಯೆ ಗುರುತಿಸುವುದು, ಲಿಟರೇಚರ್ ಸರ್ವೆ, ಮಾಡೆಲಿಂಗ್, ಅನಾಲಿಸಿಸ್, ಫ್ಯಾಬ್ರಿಕೇಷನ್, ಟೆಸ್ಟಿಂಗ್, ತೀರ್ಮಾನ. ಟೆಸ್ಟಿಂಗ್ ಡಬ್ಬಿಯ ಪಕ್ಕದಿಂದ ಒಂದು ಬಾಣ ಮೇಲಕ್ಕೆ ಹೋಗಿರುತ್ತೆ, ಅದರ ಮೇಲೆ 'ಇಲ್ಲ' ಅಂತ ಬರೆದಿರುತ್ತೆ. ಆ ಬಾಣದ ದಾರಿಯಲ್ಲಿ ಯಾರಾದರೂ ನಿಜವಾಗಿ ಒಮ್ಮೆಯಾದರೂ ಹಿಂದಕ್ಕೆ ಹೋಗಿದ್ದರು ಅನ್ನೋದಕ್ಕೆ ಇಡೀ ರಿಪೋರ್ಟಿನಲ್ಲಿ ಒಂದು ಗುರುತೂ ಸಿಗಲ್ಲ.

ಈ ಅಧ್ಯಾಯ ಬರೆಯೋದು ಯಾವಾಗ ಅಂತ ನಮಗೆಲ್ಲ ಗೊತ್ತು. ಬೈಂಡಿಂಗ್‌ಗೆ ಕೊಡೋದರ ಹಿಂದಿನ ವಾರ. ಕೆಲಸ ಮುಗಿದ ಮೇಲೆ, 'ಹೀಗೆ ಮಾಡಿದೆವು' ಅಂತ. ಸೀನಿಯರ್ ರಿಪೋರ್ಟಿನ ಫ್ಲೋಚಾರ್ಟ್ ತಂದು ಡಬ್ಬಿಯೊಳಗಿನ ಹೆಸರು ಬದಲಿಸಿದರೆ ಆಯಿತು. ವೈವಾದಲ್ಲಿ ಎಕ್ಸ್‌ಟರ್ನಲ್ ಬಂದು 'ಈ ಶಾಫ್ಟ್ 20 ಮಿಲಿಮೀಟರ್ ಯಾಕೆ?' ಅಂತ ಕೇಳಿದಾಗ ನಿಜವಾದ ಉತ್ತರ 'ಅಂಗಡೀಲಿ ಅದೇ ಸಿಕ್ತು ಸರ್' ಅಂತ ಇರುತ್ತೆ, ಬಾಯಲ್ಲಿ ಬರೋದು ಬೇರೆ. ನನ್ನ ಪ್ರಕಾರ ಆ ಅಂಗಡಿಯ ಉತ್ತರ ಕೆಟ್ಟದ್ದೇನಲ್ಲ. ಸಿಗುವ ವಸ್ತುವಿನ ಸುತ್ತ ಡಿಸೈನ್ ಕಟ್ಟಿಕೊಳ್ಳೋದೂ ಒಂದು ಕ್ರಮವೇ. ಆದರೆ ಅದನ್ನು ಮುಚ್ಚಿಟ್ಟು ಬೇರೆಯವರ ಕ್ರಮವನ್ನು ನಮ್ಮದು ಅಂತ ಬರೆದಾಗ, ನಾಲ್ಕು ವರ್ಷದಲ್ಲಿ ನಾವು ಕಲಿಯಬಹುದಾಗಿದ್ದ ಒಂದು ಮುಖ್ಯ ಸಂಗತಿ ಕೈತಪ್ಪಿ ಹೋಗುತ್ತೆ. ನಾನು ಹೇಗೆ ಯೋಚಿಸ್ತೀನಿ, ಯಾವುದರಿಂದ ಶುರು ಮಾಡಿದರೆ ನನ್ನ ತಲೆ ಓಡುತ್ತೆ, ಎಲ್ಲಿ ಸಿಕ್ಕಿಹಾಕಿಕೊಳ್ತೀನಿ ಅನ್ನೋ ಸಂಗತಿ.

ಡಬ್ಬಿ-ಬಾಣದ ಚಿತ್ರಗಳೇ ತಪ್ಪು ಅಂತ ಹೇಳ್ತಿಲ್ಲ. 1977ರಲ್ಲಿ ಗೆರ್ಹಾರ್ಡ್ ಪಾಲ್ ಮತ್ತು ವೋಲ್ಫ್‌ಗಾಂಗ್ ಬೈಟ್ಜ್ ಜರ್ಮನ್ ಭಾಷೆಯಲ್ಲಿ ಬರೆದ ವಿನ್ಯಾಸದ ಪುಸ್ತಕ ಕೆಲಸವನ್ನು ಹಂತ ಹಂತವಾಗಿ ವಿಂಗಡಿಸುವುದನ್ನು ತುಂಬ ಶಿಸ್ತಿನಿಂದ ಹೇಳಿಕೊಟ್ಟಿತು. ನಾವು ಮೊದಲ ವರ್ಷದಲ್ಲಿ ಬಣ್ಣಬಣ್ಣದ ಚೀಟಿ ಅಂಟಿಸಿ ಕಲಿಯುವ ಡಿಸೈನ್ ಥಿಂಕಿಂಗಿನ ಐದು ಹಂತಗಳೂ ಏನನ್ನೂ ಮರೆಯದ ಹಾಗೆ ನೋಡಿಕೊಳ್ಳಲು ಒಳ್ಳೆಯವು. ಅಡುಗೆಗೆ ಮೊದಲು ಸಾಮಾನಿನ ಚೀಟಿ ಇದ್ದ ಹಾಗೆ. ಆದರೆ ಸಾಮಾನಿನ ಚೀಟಿ ಇದ್ದ ಮಾತ್ರಕ್ಕೆ ಸಾರಿಗೆ ರುಚಿ ಬರಲ್ಲ. ಮೊದಲು ಏನು, ಆಮೇಲೆ ಏನು, ಎಷ್ಟು ಹೊತ್ತು, ಯಾವಾಗ ಇಳಿಸಬೇಕು ಅನ್ನೋದು ಪ್ರತಿ ಕೈಯಲ್ಲೂ ಬೇರೆ.

'ಸ್ವಂತ ಸೃಜನ ಪ್ರಕ್ರಿಯೆ' ಅಂದ ಕೂಡಲೇ ಕವಿಗಳ ಮೂಡು, ರಾತ್ರಿ ಎರಡು ಗಂಟೆಗೆ ಹೊಳೆಯುವ ಐಡಿಯಾ ಅಂತೆಲ್ಲ ನೆನಪಾಗುತ್ತೆ. ನಾನು ಹೇಳ್ತಿರೋದು ಅದಲ್ಲ. ಎಂಜಿನಿಯರಿಂಗ್‌ನಲ್ಲಿ ಸ್ವಂತ ಪ್ರಕ್ರಿಯೆ ಅಂದರೆ ವಸ್ತುವಿಗೆ ಪ್ರಶ್ನೆ ಕೇಳುವ ನಿಮ್ಮದೇ ರೀತಿ. ಯಾವ ಪ್ರಶ್ನೆ ಮೊದಲು, ಅದಕ್ಕೆ ಉತ್ತರ ಪಡೆಯೋಕೆ ಯಾವ ಸಲಕರಣೆ, ತಪ್ಪಾದರೆ ಎಷ್ಟು ಖರ್ಚು. ಇದನ್ನು ಸುಮ್ಮನೆ ವಾದವಾಗಿ ಹೇಳೋದಕ್ಕಿಂತ ಒಂದೇ ಸಮಸ್ಯೆಯ ಹತ್ತಿರ ಬೇರೆ ಬೇರೆ ದಾರಿಯಿಂದ ಹೋದವರನ್ನು ನೋಡೋಣ. ಸಮಸ್ಯೆ ಹಾರಾಟ.

ರೈಟ್ ಸಹೋದರರ ಕಥೆ ಎಲ್ಲರೂ ಓದಿದ್ದೀರಿ. 1903ರ ಡಿಸೆಂಬರ್ 17, 12 ಸೆಕೆಂಡು, 120 ಅಡಿ. ಆದರೆ ನನಗೆ ಆ ದಿನಕ್ಕಿಂತ ಅದರ ಹಿಂದಿನ ನಾಲ್ಕು ವರ್ಷ ಹೆಚ್ಚು ಮುಖ್ಯ ಅನ್ನಿಸುತ್ತೆ. ವಿಲ್ಬರ್ ಮತ್ತು ಆರ್ವಿಲ್ ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು, ಕಾಲೇಜು ಮೆಟ್ಟಿಲು ಹತ್ತಿದವರಲ್ಲ. 1899ರ ಮೇ ತಿಂಗಳಲ್ಲಿ ವಿಲ್ಬರ್ ಸ್ಮಿತ್ಸೋನಿಯನ್ ಸಂಸ್ಥೆಗೆ ಪತ್ರ ಬರೆದು ಹಾರಾಟದ ಬಗ್ಗೆ ಪ್ರಕಟವಾಗಿರೋದನ್ನೆಲ್ಲ ಕಳಿಸಿ ಅಂತ ಕೇಳಿದ. ಅಂದರೆ ಲಿಟರೇಚರ್ ಸರ್ವೆ ಅವರೂ ಮಾಡಿದರು! ವ್ಯತ್ಯಾಸ ಇರೋದು ಅದನ್ನು ಓದಿದ ಕಣ್ಣಿನಲ್ಲಿ.

ಆ ಕಾಲದ ಬಹಳ ಜನ ವಿಮಾನವನ್ನು ತನ್ನಷ್ಟಕ್ಕೆ ತಾನೇ ಗಾಳಿಯಲ್ಲಿ ಸ್ಥಿರವಾಗಿ ಕೂರುವ ವಸ್ತು ಅಂತ ಯೋಚಿಸುತ್ತಿದ್ದರು, ದೋಣಿ ನೀರಿನ ಮೇಲೆ ಕೂತ ಹಾಗೆ. ಎಂಜಿನ್ ಸಿಕ್ಕರೆ ಕೆಲಸ ಮುಗೀತು ಅನ್ನೋ ಲೆಕ್ಕ. ರೈಟ್‌ಗಳು ಸೈಕಲ್ಲಿನವರು. ಸೈಕಲ್ ನಿಲ್ಲಿಸಿ ಕೈಬಿಟ್ಟರೆ ಬೀಳುತ್ತೆ, ಅದನ್ನು ಹಿಡಿದು ನಿಲ್ಲಿಸೋದು ಸವಾರ ಕ್ಷಣಕ್ಷಣಕ್ಕೂ ಮಾಡುವ ಸಣ್ಣ ಸಣ್ಣ ತಿದ್ದುಪಡಿ. ಹಾಗಾಗಿ ಅವರ ಮೊದಲ ಪ್ರಶ್ನೆ ಎಂಜಿನ್ ಆಗಿರಲಿಲ್ಲ, ಹಿಡಿತ ಆಗಿತ್ತು. ಎಡಕ್ಕೆ ವಾಲಿದರೆ ಸರಿಮಾಡೋದು ಹೇಗೆ? ಅಂಗಡಿಯಲ್ಲಿ ಗಿರಾಕಿ ಜೊತೆ ಮಾತಾಡುತ್ತಾ ವಿಲ್ಬರ್ ಸೈಕಲ್ ಟ್ಯೂಬಿನ ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ಕೈಯಲ್ಲಿ ತಿರುಚುತ್ತಿದ್ದ. ಒಂದು ತುದಿ ಮೇಲೆ, ಇನ್ನೊಂದು ತುದಿ ಕೆಳಗೆ. ಎರಡಂತಸ್ತಿನ ರೆಕ್ಕೆಯನ್ನೂ ಹೀಗೇ ತಿರುಚಬಹುದಲ್ಲ ಅಂತ ಅಲ್ಲಿಂದ ಹೊಳೆಯಿತು. ಕೂಡಲೇ ದೊಡ್ಡ ಯಂತ್ರ ಕಟ್ಟಲಿಲ್ಲ, 5 ಅಡಿ ಅಗಲದ ಒಂದು ಗಾಳಿಪಟ ಮಾಡಿ ಹಾರಿಸಿ ನೋಡಿದರು.

1900 ಮತ್ತು 1901ರಲ್ಲಿ ಕಿಟ್ಟಿ ಹಾಕ್ ಕಡಲ ತೀರದಲ್ಲಿ ಗ್ಲೈಡರ್ ಹಾರಿಸಿದಾಗ ಹಿಡಿತ ಸಿಕ್ಕಿತು, ಲಿಫ್ಟ್ ಸಿಗಲಿಲ್ಲ. 1901ರ ಗ್ಲೈಡರ್ ಕೊಟ್ಟಿದ್ದು ಲೆಕ್ಕದಲ್ಲಿ ಬಂದದ್ದರ ಸುಮಾರು ಮೂರನೇ ಒಂದು ಭಾಗ. ಇಂಥ ಕಡೆ ನಾವು ಏನು ಮಾಡ್ತೀವಿ? ರೆಕ್ಕೆ ಇನ್ನಷ್ಟು ದೊಡ್ಡದು ಮಾಡ್ತೀವಿ, ಇಲ್ಲಾ 'ಪ್ರಾಯೋಗಿಕ ದೋಷ' ಅಂತ ಬರೆದು ಮುಂದಕ್ಕೆ ಹೋಗ್ತೀವಿ. ಅವರು ಲೆಕ್ಕದ ಬೇರಿಗೇ ಕೈ ಹಾಕಿದರು. ಅಂದಿನ ಲಿಫ್ಟ್ ಸೂತ್ರದಲ್ಲಿ ಸ್ಮೀಟನ್ ಗುಣಾಂಕ ಅಂತ ಒಂದು ಸಂಖ್ಯೆ ಇತ್ತು, 0.005. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಂದದ್ದು, ಎಲ್ಲರೂ ಬಳಸುತ್ತಿದ್ದದ್ದು. ಜೊತೆಗೆ ಜರ್ಮನಿಯ ಓಟೋ ಲಿಲಿಯೆಂಥಾಲ್ ಕೊಟ್ಟ ಕೋಷ್ಟಕ. ಎರಡರಲ್ಲಿ ಯಾವುದು ತಪ್ಪು?

ಇದನ್ನು ಪತ್ತೆಹಚ್ಚಿದ ರೀತಿ ನೋಡಿ, ಪಕ್ಕಾ ಸೈಕಲ್ ಅಂಗಡಿಯ ರೀತಿ. ಹ್ಯಾಂಡಲ್‌ನ ಮುಂದೆ ಇನ್ನೊಂದು ಚಕ್ರವನ್ನು ಅಡ್ಡಡ್ಡ ಮಲಗಿಸಿ, ಸಲೀಸಾಗಿ ತಿರುಗುವ ಹಾಗೆ ಜೋಡಿಸಿದರು. ಅದರ ಅಂಚಿಗೆ ಒಂದು ಚಪ್ಪಟೆ ತಗಡು, ಒಂದು ಬಾಗಿದ ಪುಟ್ಟ ರೆಕ್ಕೆ. ಸೈಕಲ್ ತುಳಿದರೆ ಗಾಳಿ ಹೊಡೆಯುತ್ತೆ. ಎರಡರ ಬಲ ಸಮವಾಗಿದ್ದರೆ ಚಕ್ರ ತಿರುಗಬಾರದು. ಕೋಷ್ಟಕದ ಪ್ರಕಾರ ಇಟ್ಟರೂ ಚಕ್ರ ತಿರುಗಿತು. ಲೆಕ್ಕದಲ್ಲಿ ಏನೋ ಎಡವಟ್ಟಿದೆ ಅನ್ನೋದು ಖಾತ್ರಿಯಾಯಿತು. ಆದರೆ ಬೀದಿಯ ಗಾಳಿ ನಂಬಿಕೆಗೆ ಅರ್ಹವಲ್ಲ, ಹಾಗಾಗಿ ಅಂಗಡಿಯಲ್ಲೇ ವಿಂಡ್ ಟನಲ್. 6 ಅಡಿ ಉದ್ದ, 16 ಇಂಚು ಚೌಕದ ಮರದ ಪೆಟ್ಟಿಗೆ, ಒಂದು ಕಡೆ ಫ್ಯಾನು, ಮೇಲೆ ನೋಡೋಕೆ ಗಾಜು.

ಒಳಗೆ ಇಟ್ಟ ತಕ್ಕಡಿಯೇ ನಿಜವಾದ ಡಿಸೈನ್. ಹ್ಯಾಕ್ಸಾ ಬ್ಲೇಡು ಮತ್ತು ಸೈಕಲ್ ಸ್ಪೋಕಿನ ತಂತಿಯಿಂದ ಮಾಡಿದ್ದು. ಅದು ರೆಕ್ಕೆಯ ಲಿಫ್ಟನ್ನು ನೇರವಾಗಿ ಅಳೆಯುತ್ತಿರಲಿಲ್ಲ. ಅದೇ ಗಾಳಿಯಲ್ಲಿ ಎದುರಾಗಿ ನಿಂತ ಚಪ್ಪಟೆ ಪಟ್ಟಿಗಳ ಮೇಲೆ ಬೀಳುವ ಬಲದ ಜೊತೆ ಹೋಲಿಸಿ ತೋರಿಸುತ್ತಿತ್ತು. ಎರಡರ ಮೇಲೂ ಗಾಳಿ ಒಂದೇ ಆದ್ದರಿಂದ ಗಾಳಿಯ ವೇಗ ಹೋಲಿಕೆಯಿಂದ ಹೊರಗೆ ಬಿದ್ದುಹೋಗುತ್ತೆ, ಅನುಮಾನ ಇದ್ದ ಆ ಸ್ಮೀಟನ್ ಗುಣಾಂಕವೂ ಬಿದ್ದುಹೋಗುತ್ತೆ. ವೇಗವನ್ನು ಕರಾರುವಾಕ್ಕಾಗಿ ಅಳೆಯುವ ದುಬಾರಿ ಉಪಕರಣವೇ ಬೇಕಿಲ್ಲ! ಮೆಟ್ರಾಲಜಿ ಲ್ಯಾಬಿನಲ್ಲಿ ಕಂಪ್ಯಾರೇಟರ್ ಬಳಸಿದವರಿಗೆ ಇದರ ಚಂದ ಗೊತ್ತಾಗುತ್ತೆ. ಸೈಕಲ್ಲಿನ ಮೇಲಿದ್ದ ಅಡ್ಡಚಕ್ರವೂ ಹೋಲಿಕೆಯೇ, ತಕ್ಕಡಿಯೂ ಹೋಲಿಕೆಯೇ. ಅಳೆಯಲಾಗದ್ದನ್ನು ಪಕ್ಕದಲ್ಲಿಟ್ಟು ಹೋಲಿಸು ಅನ್ನೋದು ಅವರ ಕೈಗೆ ಒಗ್ಗಿದ ಕ್ರಮವಾಗಿತ್ತು.

1901ರ ಕೊನೆಯ ಮೂರು ತಿಂಗಳಲ್ಲಿ ಸುಮಾರು 200 ಪುಟ್ಟ ರೆಕ್ಕೆಗಳನ್ನು ಹೀಗೆ ನೋಡಿದರು. ಸ್ಮೀಟನ್ ಗುಣಾಂಕ 0.005 ಅಲ್ಲ, ಸುಮಾರು 0.0033 ಅಂತ ತಿಳಿಯಿತು. ಲಿಲಿಯೆಂಥಾಲ್ ತನ್ನ ರೆಕ್ಕೆಯ ಆಕಾರದ ಮಟ್ಟಿಗೆ ಹೆಚ್ಚುಕಡಿಮೆ ಸರಿಯಾಗೇ ಇದ್ದ. ಉದ್ದವಾದ, ಸಪೂರ ರೆಕ್ಕೆ ಒಳ್ಳೆಯದು ಅಂತಲೂ ಗೊತ್ತಾಯಿತು. ಇವೆಲ್ಲ ಸೇರಿ 1902ರ ಗ್ಲೈಡರ್ ಆಯಿತು, 32 ಅಡಿ ರೆಕ್ಕೆ. ಆ ಒಂದು ಋತುವಿನಲ್ಲಿ 700ರಿಂದ 1000 ಸಲ ಜಾರಿ ಹಾರಿದರು. ಎಂಜಿನ್ ವಿಚಾರ ಬಂದದ್ದು ಆಮೇಲೆ. ಪ್ರೊಪೆಲ್ಲರಿಗೂ ಪುಸ್ತಕದಲ್ಲಿ ಬಳಸಬಹುದಾದ ಸಿದ್ಧಾಂತ ಸಿಗಲಿಲ್ಲ. ಅದು ಸುತ್ತುತ್ತಾ ಹಾರುವ ರೆಕ್ಕೆ ಅಷ್ಟೇ ಅಂದುಕೊಂಡು ತಮ್ಮದೇ ಟನಲಿನ ಅಂಕಿಗಳಿಂದ ಮಾಡಿಕೊಂಡರು. ಇದಕ್ಕಾಗಿ ಅಣ್ಣತಮ್ಮಂದಿರು ಗಂಟೆಗಟ್ಟಲೆ ಜಗಳವಾಡುತ್ತಿದ್ದರು. ಕೊನೆಗೆ ನೋಡಿದರೆ ಇವನ ವಾದ ಅವನು, ಅವನ ವಾದ ಇವನು ಹಿಡಿದಿರುತ್ತಿದ್ದರಂತೆ. ನಾಲ್ಕು ಜನರ ಪ್ರಾಜೆಕ್ಟ್ ಬ್ಯಾಚಿನಲ್ಲಿ ಒಬ್ಬನೇ ಎಲ್ಲ ಮಾಡಿ ಮೂವರು ಹೆಸರು ಹಾಕಿಸಿಕೊಳ್ಳುವ ನಮಗೆ ಇಂಥ ಜಗಳದ ಬೆಲೆ ಗೊತ್ತಾಗೋದು ಕಷ್ಟ.

ಅದೇ ಹೊತ್ತಿನಲ್ಲಿ ಸ್ಮಿತ್ಸೋನಿಯನ್‌ನ ಮುಖ್ಯಸ್ಥ ಸ್ಯಾಮುಯೆಲ್ ಲ್ಯಾಂಗ್ಲಿ ಕೂಡ ವಿಮಾನ ಮಾಡುತ್ತಿದ್ದರು. ದೊಡ್ಡ ವಿಜ್ಞಾನಿ. ಸರಕಾರದಿಂದ 50,000 ಡಾಲರ್ ಹಣ. 1896ರಲ್ಲಿ ಅವರ ಆಳಿಲ್ಲದ ಮಾದರಿ ವಿಮಾನ ಚೆನ್ನಾಗಿಯೇ ಹಾರಿತ್ತು. ಅದನ್ನು ದೊಡ್ಡದು ಮಾಡಿ, ಬಲವಾದ ಎಂಜಿನ್ ಇಟ್ಟು, ಮನುಷ್ಯನನ್ನು ಕೂರಿಸೋಣ ಅನ್ನೋದು ಯೋಜನೆ. ಕಾಗದದ ಮೇಲೆ ಯಾರೂ ತಪ್ಪು ಹೇಳಲಾರದ ಕ್ರಮ. 1903ರ ಅಕ್ಟೋಬರ್ 7ರಂದು ಮತ್ತು ಡಿಸೆಂಬರ್ 8ರಂದು ಅದು ಪೊಟೊಮ್ಯಾಕ್ ನದಿಗೆ ಬಿತ್ತು. ಲ್ಯಾಂಗ್ಲಿಯವರನ್ನು ಆಡಿಕೊಳ್ಳೋದು ಸುಲಭ, ನನಗೆ ಇಷ್ಟವಿಲ್ಲ. ಆದರೆ ಆ ಕ್ರಮದಲ್ಲಿ ಸವಾರ ಏನು ಮಾಡಬೇಕು ಅನ್ನೋ ಪ್ರಶ್ನೆ ಕೊನೆಗೆ ಬರುತ್ತಿತ್ತು, ರೈಟ್‌ಗಳ ಕ್ರಮದಲ್ಲಿ ಅದೇ ಮೊದಲು. ಪ್ರಶ್ನೆಗಳ ಸಾಲು ಬೇರೆಯಾದಾಗ ಕೈಗೆ ಬರುವ ಯಂತ್ರವೂ ಬೇರೆಯಾಗುತ್ತೆ.

ಹಾಗಾದರೆ ಎಲ್ಲರೂ ರೈಟ್‌ಗಳ ಹಾಗೆ ಅಳೆದು, ಕೋಷ್ಟಕ ಮಾಡಿ, ಆಮೇಲೆ ಕಟ್ಟಬೇಕಾ? ಇಲ್ಲ. ಇಲ್ಲೇ ಎರಡನೇ ಕಥೆ ಬೇಕು.

ಮನುಷ್ಯನ ಕಾಲಬಲದಿಂದಲೇ ಹಾರುವ ವಿಮಾನಕ್ಕೆ ಬ್ರಿಟಿಷ್ ಉದ್ಯಮಿ ಹೆನ್ರಿ ಕ್ರೆಮರ್ 1959ರಲ್ಲಿ ಬಹುಮಾನ ಇಟ್ಟರು. ಅರ್ಧ ಮೈಲಿ ದೂರದಲ್ಲಿರುವ ಎರಡು ಕಂಬಗಳನ್ನು ಇಂಗ್ಲಿಷ್ 8ರ ಆಕಾರದಲ್ಲಿ ಸುತ್ತಿ ಬರಬೇಕು, ಶುರುವಿನಲ್ಲೂ ಕೊನೆಯಲ್ಲೂ 10 ಅಡಿ ಎತ್ತರ ದಾಟಬೇಕು. 1961ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಕಟ್ಟಿದ ವಿಮಾನ ತುಳಿತದ ಬಲದಲ್ಲಿ ನೆಲ ಬಿಟ್ಟೆದ್ದಿತ್ತು. ಆಮೇಲೆ ಇನ್ನೂ ಕೆಲವು ಹಾರಿದವು. ಆದರೆ ಹೆಚ್ಚಿನವು ನೇರಕ್ಕೆ, ಆ ಎಂಟನ್ನು ಪೂರ್ತಿ ಸುತ್ತಿ ಬರೋದು ಯಾರಿಗೂ ಆಗಲಿಲ್ಲ. ಬಹುಮಾನ 50,000 ಪೌಂಡ್‌ಗೆ ಏರಿದರೂ ಹಾಗೇ ಕೂತಿತ್ತು.

ಕ್ಯಾಲಿಫೋರ್ನಿಯಾದ ಪಾಲ್ ಮೆಕ್‌ಕ್ರೆಡಿ ಇದಕ್ಕೆ ಕೈ ಹಾಕಿದ್ದು ಸಾಲದ ಕಾಟಕ್ಕೆ. ಪರಿಚಿತರೊಬ್ಬರ ವ್ಯವಹಾರಕ್ಕೆ ಜಾಮೀನು ನಿಂತು, ಅದು ಮುಳುಗಿ, ಸುಮಾರು ಒಂದು ಲಕ್ಷ ಡಾಲರ್ ತಲೆಗೆ ಬಂದಿತ್ತು. ಕ್ರೆಮರ್ ಬಹುಮಾನವೂ ಹೆಚ್ಚುಕಡಿಮೆ ಅಷ್ಟೇ! ಅವರು ಏರೋನಾಟಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿದವರು, 1956ರ ವಿಶ್ವ ಗ್ಲೈಡಿಂಗ್ ಚಾಂಪಿಯನ್. ಅದಕ್ಕಿಂತ ಮುಖ್ಯವಾಗಿ, ಹುಡುಗನಾಗಿದ್ದಾಗಿನಿಂದ ಹಗುರ ಮಾಡೆಲ್ ವಿಮಾನ ಮಾಡಿ ಹಾರಿಸುತ್ತಿದ್ದವರು. 1976ರಲ್ಲಿ ರಜೆಯಲ್ಲಿ ಸುತ್ತುತ್ತಾ ಹದ್ದುಗಳು ವೃತ್ತ ಹಾಕೋದನ್ನು ನೋಡಿ ಲೆಕ್ಕ ಮಾಡುವಾಗ ಅವರಿಗೆ ಹೊಳೆದದ್ದು ಇದು: ಒಂದು ಹ್ಯಾಂಗ್ ಗ್ಲೈಡರ್‌ನ ಉದ್ದ ಅಗಲ ಎರಡನ್ನೂ ಮೂರುಪಟ್ಟು ಮಾಡಿ, ತೂಕ ಮಾತ್ರ ಹೆಚ್ಚಿಸದಿದ್ದರೆ, ಹಾರಾಟಕ್ಕೆ ಬೇಕಾಗುವ ಶಕ್ತಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ನೀವೇ ಮಾಡಿ ನೋಡಿ. ವಿಸ್ತೀರ್ಣ ಒಂಬತ್ತುಪಟ್ಟು, ಹಾಗಾಗಿ ವೇಗ ಮೂರನೇ ಒಂದು, ಡ್ರ್ಯಾಗ್ ಅಷ್ಟೇ, ಶಕ್ತಿ ಅಂದರೆ ಡ್ರ್ಯಾಗ್ ಗುಣಿಸು ವೇಗ. ಒಳ್ಳೆಯ ಸೈಕಲ್ ಸವಾರ ಕೆಲವು ನಿಮಿಷ ಕೊಡಬಲ್ಲ ಮೂರನೇ ಒಂದು ಅಶ್ವಶಕ್ತಿ, ಸುಮಾರು 250 ವ್ಯಾಟ್, ಆಗ ಸಾಕಾಗುತ್ತೆ.

ಅಷ್ಟು ದೊಡ್ಡದು, ಅಷ್ಟು ಹಗುರ ಹೇಗೆ? ಬ್ರಿಟನ್ನಿನ ತಂಡಗಳು ನಯವಾದ, ಅಚ್ಚುಕಟ್ಟಾದ ರೆಕ್ಕೆಗಳನ್ನು ತಿಂಗಳುಗಟ್ಟಲೆ ಕೂತು ಕಟ್ಟುತ್ತಿದ್ದವು. ಬಿದ್ದರೆ ರಿಪೇರಿಗೆ ಮತ್ತೆ ತಿಂಗಳುಗಳು. ಮೆಕ್‌ಕ್ರೆಡಿ ಅಲ್ಯೂಮಿನಿಯಂ ಕೊಳವೆ, ಪಿಯಾನೋ ತಂತಿ, ಮೈಲಾರ್ ಹಾಳೆ, ಅಂಟುಪಟ್ಟಿ ಹಿಡಿದರು. 96 ಅಡಿ ರೆಕ್ಕೆಯ 'ಗಾಸಮರ್ ಕಾಂಡರ್' ತೂಗುತ್ತಿದ್ದದ್ದು ಸುಮಾರು 32 ಕಿಲೋ. ನೋಡೋಕೆ ಚಂದವೇನಿರಲಿಲ್ಲ. ಆದರೆ ಮುರಿದರೆ ಟೇಪು ಸುತ್ತಿ, ಕೊಳವೆ ಬದಲಿಸಿ, ಅದೇ ದಿನವೋ ಮಾರನೇ ದಿನವೋ ಮತ್ತೆ ಹಾರಿಸಬಹುದು. ನಿಧಾನ, ನೆಲದ ಹತ್ತಿರ, ಹಾಗಾಗಿ ಬಿದ್ದರೂ ಪೈಲಟ್‌ಗೆ ದೊಡ್ಡ ಪೆಟ್ಟಿಲ್ಲ. ಅವರು ವಿಮಾನಕ್ಕಿಂತ ಮೊದಲು ಡಿಸೈನ್ ಮಾಡಿದ್ದು ತಪ್ಪು ಮಾಡುವುದರ ಬೆಲೆಯನ್ನು ಅಂತ ನನಗನ್ನಿಸುತ್ತೆ. ನೂರಾರು ಹಾರಾಟ, ಪ್ರತಿಸಲ ಒಂದಿಷ್ಟು ಬದಲಾವಣೆ. ತಿರುಗುವ ಸಮಸ್ಯೆಯೂ ಹೀಗೇ ಬಗೆಹರಿಯಿತು: ಮುಂದಿನ ಪುಟ್ಟ ರೆಕ್ಕೆಯನ್ನು ವಾಲಿಸಿ, ದೊಡ್ಡ ರೆಕ್ಕೆಯನ್ನು ತಿರುಚಿ. ಹೌದು, ರೈಟ್‌ಗಳ ಅದೇ ತಿರುಚುವಿಕೆ, ಆದರೆ ಮಾಮೂಲಿಗೆ ಉಲ್ಟಾ ದಿಕ್ಕಿನಲ್ಲಿ! ವಕ್ರದ ಒಳಗಡೆ ನಿಧಾನವಾಗುವ ರೆಕ್ಕೆಗೆ ಹೆಚ್ಚು ಲಿಫ್ಟ್ ಬೇಕಾಗುತ್ತಿತ್ತು. 1977ರ ಆಗಸ್ಟ್ 23ರಂದು ಸೈಕಲ್ ಸವಾರ ಬ್ರಯನ್ ಆಲನ್ ಅದನ್ನು ತುಳಿದು ಎಂಟು ಹಾಕಿ ಇಳಿಸಿದ. ಪಾಲ್-ಬೈಟ್ಜ್ ಪುಸ್ತಕ ಬಂದ ವರ್ಷವೇ ಅದು, ಕಾಕತಾಳೀಯ ಅಷ್ಟೇ.

ಇಬ್ಬರ ಕ್ರಮವನ್ನೂ ಪಕ್ಕದಲ್ಲಿಟ್ಟು ನೋಡಿ. ರೈಟ್‌ಗಳು ಅಳೆದು ಕಟ್ಟಿದರು, ಮೆಕ್‌ಕ್ರೆಡಿ ಕಟ್ಟಿ ಮುರಿದು ಕಲಿತರು. ಅದಲು ಬದಲು ಮಾಡಿದ್ದರೆ ಕೆಟ್ಟಿರೋದು. ಯಾರಿಗೂ ತಿರುಗೋ ವಿದ್ಯೆ ಗೊತ್ತಿಲ್ಲದ 1900ರಲ್ಲಿ 'ಮುರಿದು ಕಲಿಯೋಣ' ಅಂದಿದ್ದರೆ ಪ್ರಾಣ ಹೋಗುತ್ತಿತ್ತು. ಲಿಲಿಯೆಂಥಾಲ್ 1896ರಲ್ಲಿ ಗ್ಲೈಡರ್ ಬಿದ್ದೇ ತೀರಿಕೊಂಡದ್ದು. ಹಾಗೆಯೇ ಮೆಕ್‌ಕ್ರೆಡಿ ಪ್ರತಿಯೊಂದನ್ನೂ ಅಳೆದೇ ಕಟ್ಟುತ್ತೀನಿ ಅಂತ ಕೂತಿದ್ದರೆ ಬ್ರಿಟನ್ನಿನ ತಂಡಗಳ ಸಾಲಿಗೇ ಸೇರುತ್ತಿದ್ದರು. ಅವರವರ ಕ್ರಮ ಅವರವರ ಹಿನ್ನೆಲೆಯಿಂದ, ಕೈಯ ಅಭ್ಯಾಸದಿಂದ, ಆ ಸಮಸ್ಯೆಯ ಅಪಾಯದಿಂದ ಹುಟ್ಟಿತ್ತು. ಇನ್ನೊಂದು ಮಾತು. ಕ್ರಮ ಸ್ವಂತದ್ದಾದರೆ ಅದು ಒಂದೇ ವಸ್ತುವಿಗೆ ಮುಗಿಯಲ್ಲ. ಮೆಕ್‌ಕ್ರೆಡಿ ತಂಡ 1979ರಲ್ಲಿ ಗಾಸಮರ್ ಆಲ್ಬಟ್ರಾಸ್‌ನಲ್ಲಿ ಇಂಗ್ಲಿಷ್ ಕಾಲುವೆ ದಾಟಿತು, 1981ರಲ್ಲಿ ಸೌರಶಕ್ತಿಯ ವಿಮಾನದಲ್ಲಿ ದಾಟಿತು, 1987ರಲ್ಲಿ ಜನರಲ್ ಮೋಟರ್ಸ್ ಜೊತೆ ಮಾಡಿದ ಸನ್‌ರೇಸರ್ ಕಾರು ಆಸ್ಟ್ರೇಲಿಯಾದ ಸೌರ ಕಾರುಗಳ ಓಟ ಗೆದ್ದಿತು.

ಸಿವಿಲ್ ಗೆಳೆಯರು ಮುಖ ಸಿಂಡರಿಸಬೇಡಿ, ನಿಮಗೆ ಗೌಡಿ ಇದ್ದಾರೆ. (ನಮ್ಮ ಗೌಡರಲ್ಲ, ಸ್ಪೇನ್‌ನ ಆಂಟೊನಿ ಗೌಡಿ.) ಬಾರ್ಸಿಲೋನಾ ಹತ್ತಿರದ ಕೊಲೋನಿಯಾ ಗುಯೆಲ್ ಚರ್ಚಿಗೆ ಅವರು ಕಮಾನುಗಳನ್ನು ಲೆಕ್ಕ ಹಾಕಲಿಲ್ಲ, ನೇತುಹಾಕಿದರು. ಸೂರಿನಿಂದ ದಾರಗಳನ್ನು ಇಳಿಬಿಟ್ಟು, ಭಾರದ ಲೆಕ್ಕಕ್ಕೆ ಸೀಸದ ಗುಂಡು ತುಂಬಿದ ಪುಟ್ಟ ಚೀಲ ಕಟ್ಟಿ, 1:10 ಅಳತೆಯ ತಲೆಕೆಳಗಾದ ಕಟ್ಟಡ ಮಾಡಿದರು. ದಾರ ಎಳೆತವನ್ನು ಮಾತ್ರ ತಾಳುತ್ತೆ. ಅದೇ ಆಕಾರವನ್ನು ತಿರುಗಿಸಿ ನಿಲ್ಲಿಸಿದರೆ ಕಲ್ಲು ಒತ್ತಡವನ್ನು ಮಾತ್ರ ತಾಳುತ್ತೆ. ರಾಬರ್ಟ್ ಹುಕ್ 17ನೇ ಶತಮಾನದಲ್ಲೇ ಕಂಡುಕೊಂಡಿದ್ದ ತತ್ವ ಇದು. ಗೌಡಿ ಫೋಟೋ ತೆಗೆದು ತಲೆಕೆಳಗು ಹಿಡಿದು ಅದರ ಮೇಲೇ ಕಟ್ಟಡ ಬರೆಯುತ್ತಿದ್ದರು. ಈ ಮಾದರಿಯ ಮೇಲೆ ಹತ್ತು ವರ್ಷ ಹೋಯಿತು, ಚರ್ಚಿನಲ್ಲಿ ಪೂರ್ತಿಯಾದದ್ದು ನೆಲಮಾಳಿಗೆ ಮಾತ್ರ. ಆದರೆ ಅಲ್ಲಿ ಕಲಿತದ್ದು ಸಗ್ರಾದಾ ಫಮಿಲಿಯಾದಲ್ಲಿ ಕೆಲಸಕ್ಕೆ ಬಂತು.

ಕಂಪ್ಯೂಟರ್ ಸೈನ್ಸಿನವರಿಗೆ ಉದಾಹರಣೆ ಬೆರಳ ತುದಿಯಲ್ಲೇ ಇದೆ. ಕನ್ನಡ ಟೈಪ್‌ರೈಟರ್ ಅಕ್ಷರವನ್ನು ಆಕಾರದ ತುಂಡುಗಳಾಗಿ ಒಡೆದು ಕೀಲಿಗಳಿಗೆ ಹಂಚಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ಅಕ್ಷರವನ್ನು ಉಚ್ಚಾರಣೆಯ ಕಡೆಯಿಂದ ನೋಡಿತು. ಕೆ, ಎಫ್, ಕೆ ಒತ್ತಿದರೆ 'ಕ್ಕ'. ಎಫ್ ಕೀಲಿ ಬರೀ ಕೊಂಡಿ. ನುಡಿಯಲ್ಲಿ ಟೈಪ್ ಮಾಡುವ ನಮಗೆ ಇದು ಎಷ್ಟು ಸಹಜ ಅಂದರೆ, ಬೇರೆ ಥರ ಇರಬಹುದಿತ್ತು ಅಂತಲೇ ಅನ್ನಿಸಲ್ಲ.

ಈಗ ನಮ್ಮ ವರ್ಕ್‌ಶಾಪಿಗೆ ಬರೋಣ. ಮಲೆನಾಡು ಕರಾವಳಿಯ ಯಾವ ಕಾಲೇಜಿನಲ್ಲಾದರೂ ಎರಡು ವರ್ಷಕ್ಕೊಮ್ಮೆ ಒಂದು ಬ್ಯಾಚು ಅಡಿಕೆ ಸುಲಿಯುವ ಯಂತ್ರ ಮಾಡುತ್ತೆ. ಫ್ಲೋಚಾರ್ಟ್ ಹಿಡಿದು ಹೋದರೆ 'ಸಮಸ್ಯೆ: ಕೂಲಿಯಾಳು ಸಿಗಲ್ಲ' ಅಂತ ಬರೆದು, ನೇರ ಬ್ಲೇಡಿನ ಕ್ಯಾಡ್ ಮಾಡೆಲ್‌ಗೆ ಹಾರಿಬಿಡ್ತೀವಿ. ಆದರೆ ಯಾವ ಅಡಿಕೆ? ಹಸಿಯಾಗಿ ಸುಲಿದು ಬೇಯಿಸುವುದಾ, ಒಣಗಿಸಿ ಸುಲಿಯುವ ಚಾಲಿಯಾ? ಹಸಿ ಸಿಪ್ಪೆ ಕತ್ತರಿಸಿ ಕೊಡುತ್ತೆ, ಒಣ ಸಿಪ್ಪೆ ನಾರುನಾರಾಗಿ ಹರಿಯುತ್ತೆ. ಒಂದಕ್ಕೆ ಆಗುವ ಯಂತ್ರ ಇನ್ನೊಂದಕ್ಕೆ ಆಗಲ್ಲ. ತೋಟದ ಮನೆಯ ಹುಡುಗಿ ಇದಕ್ಕೆ ಹೊರಟರೆ ಮೊದಲು ಅಜ್ಜಿ ಪಕ್ಕ ಮೆಟ್ಟುಗತ್ತಿ ಮುಂದೆ ಕೂರಬಹುದು. ಕೈ ಎಲ್ಲಿ ಒತ್ತುತ್ತೆ, ಎಲ್ಲಿ ತಿರುವುತ್ತೆ ಅಂತ ನೋಡಬಹುದು. ಬೆಂಗಳೂರಿನಿಂದ ಬಂದ, ಅಡಿಕೆಮರವನ್ನೇ ಹತ್ತಿರದಿಂದ ನೋಡಿರದ ಹುಡುಗನಿಗೆ ಆ ದಾರಿ ಇಲ್ಲ. ಅವನು ಐವತ್ತು ಅಡಿಕೆ ತಂದು ವರ್ನಿಯರ್‌ನಲ್ಲಿ ಅಳೆದು, ಗಾತ್ರ ಎಷ್ಟು ಏರುಪೇರು ಅಂತ ಪಟ್ಟಿ ಮಾಡಬಹುದು. ಅಂತರ ಹೊಂದಿಸಿಕೊಳ್ಳುವ ಸ್ಪ್ರಿಂಗ್ ಬೇಕು ಅಂತ ಅವನಿಗೆ ಅಲ್ಲಿಂದ ಹೊಳೆಯಬಹುದು, ತಿರುವುವ ಚಲನೆ ಬೇಕು ಅಂತ ಅವಳಿಗೆ ಅಲ್ಲಿಂದ. ಇಬ್ಬರೂ ಒಂದೇ ಬ್ಯಾಚಿನಲ್ಲಿದ್ದು, ರೈಟ್‌ಗಳ ಹಾಗೆ ಜಗಳವಾಡಿದರೆ ಯಂತ್ರ ಸುಲಿಯಬಹುದು. ಇಬ್ಬರೂ ಒಂದೇ ಫ್ಲೋಚಾರ್ಟ್ ತುಂಬಿಸಲು ಕೂತರೆ ಇಬ್ಬರಿಗೂ ಗೊತ್ತಿರೋದು ರಿಪೋರ್ಟಿನ ಹೊರಗೇ ಉಳಿಯುತ್ತೆ.

ನಿಮ್ಮ ಕ್ರಮ ಯಾವುದು ಅಂತ ಕೂತು ಯೋಚಿಸಿದರೆ ಗೊತ್ತಾಗಲ್ಲ, ಮಾಡಿದ್ದನ್ನು ಬರೆದಿಟ್ಟು ತಿರುಗಿ ನೋಡಿದರೆ ಗೊತ್ತಾಗುತ್ತೆ. ಹತ್ತಿಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ತಾರೀಖು ಹಾಕಿ. ಏನು ಮಾಡಿದಿರಿ ಅನ್ನೋದಕ್ಕಿಂತ ಮಾಡೋಕೆ ಮುಂಚೆ ಏನಾಗುತ್ತೆ ಅಂದುಕೊಂಡಿದ್ದಿರಿ ಅನ್ನೋದನ್ನು ಬರೆಯಿರಿ. ಇದೇ ಕಷ್ಟ, ಇದರಲ್ಲೇ ಲಾಭ. ಒಂದು ಸೆಮಿಸ್ಟರ್ ಆದ ಮೇಲೆ ಓದಿದರೆ ಒಂದು ಚಾಳಿ ಎದ್ದು ಕಾಣುತ್ತೆ. ಕೆಲವರಿಗೆ ಪೇಪರಿನ ಮೇಲೆ ಗೀಚದೆ ಏನೂ ಹೊಳೆಯಲ್ಲ. ಕೆಲವರು ಮೊದಲು ಸಂಖ್ಯೆ ನೋಡಬೇಕು. ಇನ್ನು ಕೆಲವರಿಗೆ ಒಂದು ಹಾಳು ಮಾಡದೆ ಅರ್ಥವೇ ಆಗಲ್ಲ, ಅವರು ರಟ್ಟು, ಬಿದಿರು, ಥರ್ಮೋಕೋಲಿನಲ್ಲಿ ಹಾಳು ಮಾಡೋದು ಕಲಿಯಬೇಕು, ಅಲ್ಯೂಮಿನಿಯಂನಲ್ಲಿ ಅಲ್ಲ. ಕೋಡ್ ಬರೆಯುವವರಿಗೂ ಇದೇ: ಸ್ಕ್ರೀನ್ ಮೊದಲು ಬಿಡಿಸ್ತೀರಾ, ಡೇಟಾ ಹೇಗಿರುತ್ತೆ ಅಂತ ಮೊದಲು ಬರೀತೀರಾ? ಎರಡೂ ಸರಿ. ನೀವು ಯಾವ ಥರದವರು ಅಂತ ತಿಳಿಯದಿರೋದೇ ತೊಂದರೆ.

ಒಂದು ಎಚ್ಚರಿಕೆ ಹೇಳದಿದ್ದರೆ ಈ ಲೇಖನ ಅರ್ಧ ಸುಳ್ಳಾಗುತ್ತೆ. ಸ್ವಂತ ಕ್ರಮ ಪಂಜರವೂ ಆಗಬಹುದು. ರೈಟ್ ಸಹೋದರರಿಗೇ ಹಾಗಾಯಿತು. ರೆಕ್ಕೆ ತಿರುಚುವುದು, ಮುಂದುಗಡೆ ಎಲಿವೇಟರ್ ಇಡುವುದು ಅವರದೇ ಹುಡುಕಾಟದಿಂದ ಬಂದದ್ದು, ಹಾಗಾಗಿ ಬಿಡೋದು ಕಷ್ಟವಾಯಿತು. ಯುರೋಪಿನವರು ಏಲೆರಾನ್, ಹಿಂದೆ ಬಾಲ ಇಟ್ಟುಕೊಂಡು ಬೇಗ ಬೇಗ ಮುಂದೆ ಹೋದರು. ಅಣ್ಣತಮ್ಮಂದಿರ ಬಹಳ ಸಮಯ ಪೇಟೆಂಟ್ ಕೋರ್ಟಿನಲ್ಲಿ ಕಳೆಯಿತು. 0.005ನ್ನು ಪ್ರಶ್ನಿಸಿದ ಅದೇ ಕಣ್ಣು ತಮ್ಮ ವಿಮಾನದ ಕಡೆಗೆ ಅಷ್ಟು ನಿಷ್ಠುರವಾಗಿ ತಿರುಗಲಿಲ್ಲ. 'ನನ್ನ ಸ್ಟೈಲೇ ಹೀಗೆ' ಅಂತ ಯಾರಾದರೂ ಟೆಸ್ಟ್ ರಿಸಲ್ಟ್ ಪಕ್ಕಕ್ಕಿಟ್ಟರೆ ಅದು ಪ್ರಕ್ರಿಯೆಯಲ್ಲ, ಬರೀ ಹಟ.

ಈ ಸಲದ ಬ್ಯಾಚಿನವರು ಮೂರನೇ ಅಧ್ಯಾಯವನ್ನು ನೋಟ್‌ಬುಕ್ಕಿನಿಂದ ಬರೆದು ನೋಡಿ. ಮೊದಲು ಯಾವ ಪ್ರಶ್ನೆ ಕೇಳಿದಿರಿ, ಎಲ್ಲಿ ನಿಂತಿರಿ, ಯಾಕೆ ವಾಪಸ್ ಬಂದಿರಿ, ಮುರಿದ ತುಂಡಿನ ಫೋಟೋ ಸಮೇತ. ಫ್ಲೋಚಾರ್ಟ್ ಬೇಕಾದರೆ ನಿಮ್ಮ ತಾರೀಖುಗಳ ಪ್ರಕಾರ ಬಿಡಿಸಿ, ವಂಕಿವಂಕಿ ಬಂದರೂ ಪರವಾಗಿಲ್ಲ. ಗೈಡ್ ಫಾರ್ಮ್ಯಾಟ್ ಮೀರೋಕೆ ಒಪ್ಪದಿದ್ದರೆ ಜಗಳ ಬೇಡ. ಫಾರ್ಮ್ಯಾಟಿನ ಪ್ರಕಾರ ಎರಡು ಪುಟ ಕೊಟ್ಟು, ಉಳಿದದ್ದನ್ನು ಅಪೆಂಡಿಕ್ಸ್‌ಗೆ ಹಾಕಿ. ಮುಂದಿನ ವರ್ಷ ಅಡಿಕೆ ಸುಲಿಯುವ ಯಂತ್ರಕ್ಕೆ ಕೈ ಹಾಕುವ ಜೂನಿಯರ್ ಓದೋದು ಅದನ್ನೇ.